ಮಾನ್ಯ ಶಾಸಕರೇ, ವಾರಕ್ಕೊಂದು ಕಾಗದ ಬರೆಯಿರಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ, ಹಾಗೆಯೇ ವಿಧಾನಸಭೆಯ ಉಳಿದ 223 ಸದಸ್ಯರಿಗೆ, ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವ ಒಬ್ಬ ಮತದಾರನ ನಮಸ್ಕಾರಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ವಾರಕ್ಕೆ ಒಂದು ಸಲ, ಒಂದೇ ಒಂದು ಪುಟ, ನಮಗೆಲ್ಲ ಕಾಗದ ಬರೆಯಿರಿ. ಆ ವಾರ ನಮ್ಮ ಪರವಾಗಿ ಏನು ಕೆಲಸ ಮಾಡಿದಿರಿ, ಯಾರನ್ನು ಏನು ಕೇಳಿದಿರಿ, ಏನು ಉತ್ತರ ಬಂತು, ಯಾವ ಕೆಲಸ ಆಗಲಿಲ್ಲ, ಯಾಕೆ ಆಗಲಿಲ್ಲ. ಇಷ್ಟು ಸಾಕು. ಐದು ವರ್ಷ ಅಂದರೆ 260 ವಾರ. 260 ಪುಟ. ಮುಂದಿನ ಚುನಾವಣೆಯಲ್ಲಿ ನೀವು ಮತ ಕೇಳಲು ಮನೆ ಬಾಗಿಲಿಗೆ ಬಂದಾಗ, ಆ 260 ಪುಟ ಓದಿದವರು ನಿಮ್ಮ ಹತ್ತಿರ ಮಾತಾಡುವ ರೀತಿಯೇ ಬೇರೆ ಇರುತ್ತದೆ.

ನೀವು ಕೆಲಸ ಮಾಡುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಬೆಳಗ್ಗೆ ಆರು ಗಂಟೆಗೇ ಶಾಸಕರ ಮನೆ ಮುಂದೆ ಜನ ನಿಂತಿರುವುದನ್ನು ಇಡೀ ಊರು ನೋಡುತ್ತದೆ. ಒಬ್ಬರಿಗೆ ಆಸ್ಪತ್ರೆ ಬಿಲ್ ಕಟ್ಟಬೇಕು, ಇನ್ನೊಬ್ಬರಿಗೆ ಮಗಳ ಕಾಲೇಜು ಸೀಟು ಬೇಕು, ಮತ್ತೊಬ್ಬರಿಗೆ ಪೊಲೀಸ್ ಠಾಣೆಗೆ ಒಂದು ಫೋನ್ ಮಾಡಿಸಬೇಕು. ಅದರ ನಡುವೆ ವರ್ಗಾವಣೆಗೆ ಶಿಫಾರಸು ಪತ್ರ. ಒಂಬತ್ತು ಗಂಟೆಗೆ ಹೊರಟರೆ ಮದುವೆ, ಗೃಹಪ್ರವೇಶ, ತಿಥಿ, ಜಾತ್ರೆ, ಗುದ್ದಲಿ ಪೂಜೆ. ರಾತ್ರಿ ಮನೆ ಸೇರುವ ಹೊತ್ತಿಗೆ ಮತ್ತೆ ಬಾಗಿಲಲ್ಲಿ ಜನ. ಇದು ಸುಲಭದ ಬದುಕಲ್ಲ. ಆದರೆ ಇಷ್ಟು ಓಡಾಡಿಯೂ, ಶಾಸಕರ ನಿಜವಾದ ಕೆಲಸ ಏನಾಯಿತು ಅಂತ ಕ್ಷೇತ್ರದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಮಗೆ ಕಾಣುವುದು ಶಾಲು, ಹಾರ, ಗುದ್ದಲಿ ಹಿಡಿದ ಫೋಟೊ. ಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಅವೇ ಬರುತ್ತವೆ. ಹಾಗಾಗಿ ನಾವು ನಿಮ್ಮನ್ನು ಅಳೆಯುವುದೂ ಅದರಿಂದಲೇ. ನಮ್ಮ ಮನೆ ಮದುವೆಗೆ ಬಂದರು, ಒಳ್ಳೆಯವರು. ಬರಲಿಲ್ಲ, ಅಹಂಕಾರ. ಇದು ನಿಮಗೂ ಅನ್ಯಾಯ, ನಮಗೂ ನಷ್ಟ ಅಲ್ವಾ?

ನನ್ನ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್ ಇದೆ. ಇಲ್ಲಿಗೆ ಬರುವವರು ಬರೆಸುವ ಅರ್ಜಿಗಳಲ್ಲಿ ಬಹಳಷ್ಟು ನಿಮ್ಮ ಹೆಸರಿಗೇ ಹೋಗುತ್ತವೆ. ಆ ಅರ್ಜಿ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಒಂದಿಷ್ಟು ವಿವರವಾಗಿ ಹೇಳುತ್ತೇನೆ. ನೀವು ಆ ದಾರಿಯ ಒಂದು ತುದಿಯಲ್ಲಿದ್ದೀರಿ, ನಾನು ಇನ್ನೊಂದು ತುದಿಯಲ್ಲಿ ಇದ್ದೇನೆ.

ವಿಧವಾ ವೇತನ ನಿಂತುಹೋದ ಒಬ್ಬ ಹೆಂಗಸು ಬರುತ್ತಾರೆ ಅಂದುಕೊಳ್ಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೆಯ ಮಂಜೂರಾತಿ ಆದೇಶದ ಪ್ರತಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ. ನಾನು ಟೈಪ್ ಮಾಡಿಕೊಡುತ್ತೇನೆ. ಅವರು ನಿಮ್ಮ ಮನೆಗೆ ಬಂದು ಸಾಲಿನಲ್ಲಿ ನಿಂತು ಕೊಡುತ್ತಾರೆ. ನೀವು ಓದಿ, ಎಡಗಡೆ ಅಂಚಿನಲ್ಲಿ "ತಹಶೀಲ್ದಾರರು, ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಿ" ಅಂತ ಬರೆದು ಸಹಿ ಹಾಕುತ್ತೀರಿ. ಆಕೆ ಖುಷಿಯಿಂದ ಮತ್ತೆ ನನ್ನ ಅಂಗಡಿಗೆ ಬಂದು ಅದಕ್ಕೆ ಎರಡು ಜೆರಾಕ್ಸ್ ಮಾಡಿಸುತ್ತಾರೆ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಳ್ಳುತ್ತಾರೆ. ಆ ಸೀಲು ಬಿದ್ದ ಪ್ರತಿಯನ್ನು ಮಡಚಿ ಕವರಿಗೆ ಹಾಕುವಾಗ ಅವರ ಮುಖದಲ್ಲಿ ಕೆಲಸ ಆಗಿಯೇಹೋಯಿತು ಅನ್ನುವ ಸಮಾಧಾನ ಇರುತ್ತದೆ.

ಒಂದು ತಿಂಗಳು ಕಳೆಯುತ್ತದೆ. ಹಣ ಬರುವುದಿಲ್ಲ. ಕಚೇರಿಯಲ್ಲಿ ಕೇಳಿದರೆ "ಮೇಲಿಂದ ಬರಬೇಕು" ಅನ್ನುತ್ತಾರೆ. ಮತ್ತೆ ನನ್ನ ಹತ್ತಿರ ಬರುತ್ತಾರೆ. ಈ ಸಲ ಅರ್ಜಿಯಲ್ಲಿ "ಉಲ್ಲೇಖ" ಅಂತ ಒಂದು ಸಾಲು ಸೇರುತ್ತದೆ, ಹಳೆಯ ಅರ್ಜಿಯ ದಿನಾಂಕ. ಮತ್ತೆ ನಿಮ್ಮ ಮನೆ, ಮತ್ತೆ ಸಹಿ, ಮತ್ತೆ ಟಪಾಲು. ಉಲ್ಲೇಖದ ಕೆಳಗೆ ಒಂದು, ಎರಡು, ಮೂರು ಅಂತ ಸಾಲು ಬೆಳೆಯುವುದನ್ನು ನಾನೇ ಟೈಪ್ ಮಾಡಿದ್ದೇನೆ. ನೀವು ಸಹಿ ಮಾಡಿದ ಅರ್ಜಿಗೆ ಅಧಿಕಾರಿ ಏನು ಉತ್ತರ ಕೊಟ್ಟರು ಅನ್ನುವುದು ಆ ಹೆಂಗಸಿಗೂ ಗೊತ್ತಾಗುವುದಿಲ್ಲ. ನಿಮಗೂ ಬಹುಶಃ ಗೊತ್ತಾಗುವುದಿಲ್ಲ. ಯಾಕೆಂದರೆ ಆ ಸಹಿಯ ಲೆಕ್ಕವನ್ನು ಯಾರೂ ಯಾರಿಗೂ ಒಪ್ಪಿಸಬೇಕಾಗಿಲ್ಲ.

ಈಗ ನಿಮ್ಮ ವಾರದ ಕಾಗದದಲ್ಲಿ ಎರಡು ಸಾಲು ಇದೆ ಅಂದುಕೊಳ್ಳಿ. ಈ ವಾರ ಪಿಂಚಣಿ ಬಗ್ಗೆ ಇಷ್ಟು ಅರ್ಜಿ ಬಂದವು, ತಾಲ್ಲೂಕು ಕಚೇರಿಗೆ ಕಳಿಸಿದೆ. ಹೋದ ತಿಂಗಳು ಕಳಿಸಿದವುಗಳಲ್ಲಿ ಇಷ್ಟಕ್ಕೆ ಉತ್ತರ ಬಂದಿದೆ, ಇಷ್ಟಕ್ಕೆ ಇನ್ನೂ ಬಂದಿಲ್ಲ. ಅಷ್ಟೇ ಬರೆಯಿರಿ. ಯಾರ ಹೆಸರೂ ಬೇಡ. ಕಚೇರಿಯಲ್ಲಿ ಕೂತವರಿಗೆ ಆ ಎರಡು ಸಾಲು ಸಾಕು. ತಮ್ಮ ಮೇಜಿನ ಮೇಲಿರುವ ಕಾಗದವನ್ನು ಊರೆಲ್ಲ ಎಣಿಸುತ್ತಿದೆ ಅಂತ ಗೊತ್ತಾದರೆ ಕೈ ತಾನಾಗಿ ಚುರುಕಾಗುತ್ತದೆ. ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾನೂನು 2011ರಲ್ಲೇ ಬಂದಿದೆ. ಅದರ ಹಿಂದೆ ಒಂದು ಕಣ್ಣು ಬೇಕಾಗಿದೆ, ಆ ಕಣ್ಣು ನಿಮ್ಮದಾಗಲಿ.

ಹೆಸರು ಬೇಡ ಅಂದೆನಲ್ಲ, ಆ ಮಾತನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಬಂದ ಚೆಕ್ಕನ್ನು ರೋಗಿಯ ಕೈಗೆ ಕೊಡುವ ಫೋಟೊ ತೆಗೆದು ಹಾಕುತ್ತಾರೆ. ಆ ರೋಗಿ ಯಾರದೋ ಅಪ್ಪ, ಯಾರದೋ ಹೆಂಡತಿ. ಅವರ ಕಾಯಿಲೆ, ಅವರ ಬಡತನ ಇಡೀ ತಾಲ್ಲೂಕಿಗೆ ಗೊತ್ತಾಗಬೇಕಾ? ಆ ಹಣ ಸರ್ಕಾರದ್ದು, ಅಂದರೆ ಜನರದ್ದು. ದಯವಿಟ್ಟು ಆ ಫೋಟೊ ನಿಲ್ಲಿಸಿ. "ಈ ವಾರ ಇಷ್ಟು ಜನರಿಗೆ ಚಿಕಿತ್ಸೆಗೆ ನೆರವು ಕೊಡಿಸಲು ಸಾಧ್ಯವಾಯಿತು" ಅಂತ ಒಂದು ಸಾಲು ಬರೆದರೆ ನಿಮ್ಮ ಮೇಲಿನ ಗೌರವ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಜನರಿಗೆ ಲೆಕ್ಕ ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. 1881ರಲ್ಲಿ ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲ, ಸಿ. ರಂಗಾಚಾರ್ಲು ದಿವಾನರು. ಅಕ್ಟೋಬರ್ 7ರಂದು ಮೊದಲ ಸಭೆ ಸೇರಿದಾಗ 144 ಪ್ರತಿನಿಧಿಗಳಿದ್ದರು. ಬಹುಪಾಲು ಜಮೀನುಳ್ಳವರು, ವ್ಯಾಪಾರಿಗಳು. ಬಡವರಿಗೂ ಹೆಂಗಸರಿಗೂ ಅಲ್ಲಿ ಜಾಗ ಇರಲಿಲ್ಲ. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ, ದಸರೆಯ ಹೊತ್ತಿಗೆ, ದಿವಾನರು ಅವರ ಮುಂದೆ ನಿಂತು ರಾಜ್ಯಕ್ಕೆ ಎಷ್ಟು ಆದಾಯ ಬಂತು, ಎಲ್ಲಿಗೆ ಖರ್ಚಾಯಿತು, ಮುಂದೆ ಏನು ಮಾಡಬೇಕೆಂದಿದ್ದೇವೆ ಅಂತ ವಿವರಿಸುತ್ತಿದ್ದರು. ಪ್ರತಿನಿಧಿಗಳು ತಮ್ಮ ಊರಿನ ಕಷ್ಟ ಹೇಳಿಕೊಳ್ಳುತ್ತಿದ್ದರು. ಮತ ಹಾಕಿ ಯಾರೂ ಆರಿಸದ ದಿವಾನರು, ರಾಜರ ಆಳ್ವಿಕೆಯಲ್ಲಿ, ಪ್ರಜೆಗಳ ಮುಂದೆ ಲೆಕ್ಕ ಒಪ್ಪಿಸಿದ್ದರು. ನಾವು ಮತ ಹಾಕಿ ಕಳಿಸಿದ ನೀವು ಯಾಕೆ ಒಪ್ಪಿಸಬಾರದು?

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಮ್ಮೂರ ಗ್ರಾಮ ಪಂಚಾಯಿತಿ ನೋಡಿ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮಾ ಖರ್ಚನ್ನು ಊರವರ ಎದುರು ಓದಬೇಕು. ಚರಂಡಿ ಆಗಿದೆ ಅಂತ ಪುಸ್ತಕದಲ್ಲಿದ್ದರೆ, ಅಧಿಕಾರಿ ಊರವರ ಜೊತೆ ಹೋಗಿ ಚರಂಡಿ ಇದೆಯೋ ಇಲ್ಲವೋ ಅಂತ ಕಣ್ಣಾರೆ ನೋಡಬೇಕು. ಉದ್ಯೋಗ ಖಾತ್ರಿ ಕೆಲಸಗಳಿಗೆ ಸಾಮಾಜಿಕ ಪರಿಶೋಧನೆ ಬೇರೆ. ಗ್ರಾಮಸಭೆಯಲ್ಲಿ ಕೂಗಾಟ ನಡೆಯುತ್ತದೆ, ಜಗಳ ಆಗುತ್ತದೆ, ಕೋರಂ ಇಲ್ಲ ಅಂತ ಮುಂದಕ್ಕೆ ಹಾಕುವುದೂ ಉಂಟು. ಆದರೆ ಕೇಳುವ ಹಕ್ಕು ಜನರಿಗಿದೆ, ಹೇಳುವ ಹೊಣೆ ಸದಸ್ಯರಿಗಿದೆ. ಗಾರೆ ಕೆಲಸ ಮಾಡಿಕೊಂಡು ಪಂಚಾಯಿತಿ ಸದಸ್ಯೆಯಾದ ಹೆಣ್ಣುಮಗಳು ಊರ ಮುಂದೆ ನಿಂತು ಉತ್ತರ ಕೊಡಬೇಕು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ, ಹೆಚ್ಚು ಅಧಿಕಾರ ಇರುವ ಶಾಸಕರಿಗೆ ಹಾಗೆ ಊರ ಮುಂದೆ ನಿಲ್ಲುವ ಕಟ್ಟುಪಾಡು ಇಲ್ಲ. ವರ್ಷಕ್ಕೊಮ್ಮೆ ಆಸ್ತಿ ವಿವರವನ್ನು ಲೋಕಾಯುಕ್ತಕ್ಕೆ ಕೊಡಬೇಕು ಅಂತ ಕಾನೂನಿದೆ. ಆಸ್ತಿಗೆ ಲೆಕ್ಕ ಇದೆ, ಕೆಲಸಕ್ಕೆ ಇಲ್ಲ.

ಹಣದ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಆ ಹಣ ನಿಮ್ಮ ಕೈಗೆ ಬರುವುದಿಲ್ಲ, ನೀವು ಶಿಫಾರಸು ಮಾಡುತ್ತೀರಿ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. "ಎಮ್ಮೆಲ್ಲೆ ಎರಡು ಕೋಟಿ ತಿಂದರು" ಅಂತ ಚಹಾ ಅಂಗಡಿಯಲ್ಲಿ ಕೂತು ಸಲೀಸಾಗಿ ಹೇಳಿಬಿಡುತ್ತಾರೆ. ಯಾವ ಊರಿನ ಸಮುದಾಯ ಭವನಕ್ಕೆ ಎಷ್ಟು ಶಿಫಾರಸು ಮಾಡಿದಿರಿ, ಯಾವ ಶಾಲೆಯ ಕೊಠಡಿಗೆ ಎಷ್ಟು, ಅದು ಈಗ ಅಂದಾಜು ಪಟ್ಟಿಯಲ್ಲಿದೆಯಾ, ಟೆಂಡರ್ ಆಗಿದೆಯಾ, ಕಾರ್ಯಾದೇಶ ಕೊಟ್ಟಿದ್ದಾರಾ ಅಂತ ನೀವೇ ಹೇಳಿದರೆ ಆ ಮಾತಿಗೆ ಅಲ್ಲೇ ಉತ್ತರ ಸಿಗುತ್ತದೆ. ಗುದ್ದಲಿ ಪೂಜೆ ದಿನ ಎಲ್ಲರಿಗೂ ಗೊತ್ತು. ಅದರ ನಂತರ ಏನಾಯಿತು ಅನ್ನುವುದು ಗುತ್ತಿಗೆದಾರರಿಗೂ ಎಂಜಿನಿಯರಿಗೂ ಮಾತ್ರ ಗೊತ್ತು. ರಸ್ತೆ ಕಿತ್ತುಹೋದರೆ ಗುತ್ತಿಗೆದಾರರೇ ಇಷ್ಟು ವರ್ಷ ರಿಪೇರಿ ಮಾಡಿಕೊಡಬೇಕು ಅಂತ ಕರಾರಿನಲ್ಲಿ ಇರುತ್ತದಲ್ಲ, ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಆ ರಸ್ತೆಯ ಕಾವಲನ್ನು ಊರವರೇ ಮಾಡುತ್ತಾರೆ.

ಆದರೆ ನಾನು ನಿಮ್ಮನ್ನು ಆರಿಸಿ ಕಳಿಸಿದ್ದು ರಸ್ತೆ ಚರಂಡಿಗೆ ಮಾತ್ರ ಅಲ್ಲ. ಅದನ್ನು ಪಂಚಾಯಿತಿಯೂ ಮಾಡಬಹುದು. ನಿಮ್ಮನ್ನು ಕಳಿಸಿದ್ದು ವಿಧಾನಸಭೆಗೆ, ಕಾನೂನು ಮಾಡುವುದಕ್ಕೆ, ಸರ್ಕಾರವನ್ನು ಪ್ರಶ್ನೆ ಕೇಳುವುದಕ್ಕೆ. ಒಂದು ಕಾನೂನು ಊರನ್ನು ಎಷ್ಟು ಬದಲಾಯಿಸಬಹುದು ಅನ್ನುವುದಕ್ಕೆ ನನ್ನ ಅಂಗಡಿಗೆ ಬರುವ ಪಹಣಿಗಳೇ ಸಾಕ್ಷಿ. 1974ರಲ್ಲಿ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ಜಮೀನಿಗೆ ಒಡೆಯರಾದರು. ಇವತ್ತು ಸಾಲಕ್ಕೋ ಬೆಳೆ ವಿಮೆಗೋ ಪಹಣಿ ತೆಗೆಸಲು ಬರುವ ಎಷ್ಟೋ ಮನೆಗಳ ಜಮೀನಿನ ಹಕ್ಕು ಅಲ್ಲಿಂದ ಬಂದದ್ದು. ಅದಕ್ಕೂ ಮುಂಚೆ, 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದು ಹೋದ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಪರವಾಗಿ ಸದನದಲ್ಲಿ ದನಿ ಎತ್ತಿದ್ದರು. ಅವರ ಕಾಲದಲ್ಲಿ ಶಾಸಕರ ನಿಧಿ ಅನ್ನುವುದೇ ಇರಲಿಲ್ಲ. ಜನ ಅವರನ್ನು ಇವತ್ತಿಗೂ ನೆನೆಯುವುದು ಸದನದಲ್ಲಿ ಆಡಿದ ಮಾತಿಗೆ.

ಅದೇ ಭೂ ಸುಧಾರಣೆ ಕಾಯ್ದೆಗೆ 2020ರಲ್ಲಿ ಮತ್ತೊಂದು ತಿದ್ದುಪಡಿ ಬಂತು. 79ಎ, 79ಬಿ ಕಲಂಗಳನ್ನು ತೆಗೆದರು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ. ನಮ್ಮ ತಾಲ್ಲೂಕಿನ ಪ್ರತಿಯೊಂದು ಎಕರೆಗೂ ಸಂಬಂಧಪಟ್ಟ ವಿಷಯ ಅದು. ಅದು ಸದನಕ್ಕೆ ಬರುತ್ತದೆ ಅಂತ ಯಾವ ಶಾಸಕರಾದರೂ ಮೊದಲೇ ತಮ್ಮ ಮತದಾರರಿಗೆ ಒಂದು ಪುಟ ಬರೆದು "ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಅಂತ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಜಮೀನು ಮಾರಬೇಕು ಅಂದುಕೊಂಡವರು ಒಂದು ಹೇಳುತ್ತಿದ್ದರು, ಉಳುವವರು ಇನ್ನೊಂದು ಹೇಳುತ್ತಿದ್ದರು. ಎರಡನ್ನೂ ಕೇಳಿಸಿಕೊಂಡು ಸದನಕ್ಕೆ ಹೋಗುವ ಶಾಸಕರ ಮಾತಿಗೆ ತೂಕ ಇರುತ್ತದೆ.

ಅಧಿವೇಶನ ನಡೆಯುವಾಗ ನಮಗೆ ಟಿವಿಯಲ್ಲಿ ಸಿಗುವುದು ಗದ್ದಲ. ಬಾವಿಗಿಳಿದು ಧರಣಿ, ಸಭಾತ್ಯಾಗ, ಯಾರೋ ಯಾರಿಗೋ ಏನೋ ಅಂದರು. ಅದೇ ದಿನ ಯಾವುದೋ ಮೂಲೆಯಲ್ಲಿ ಕೂತ ಸದಸ್ಯರು ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿ, ತಮ್ಮ ಕ್ಷೇತ್ರದಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇದೆ ಅಂತ ಮಂತ್ರಿಯಿಂದ ಲಿಖಿತ ಉತ್ತರ ಪಡೆದಿರುತ್ತಾರೆ. ಆ ಉತ್ತರ ನಮ್ಮ ಶಾಲೆಯ ಉಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಚಿನ್ನದಂಥ ಕಾಗದ. ಅದನ್ನು ಕೈಯಲ್ಲಿ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಬಹುದು. ಆದರೆ ಅದು ನಮ್ಮ ತನಕ ಬರುವುದೇ ಇಲ್ಲ. ಮಂತ್ರಿಗಳು ಸದನದಲ್ಲಿ "ಮಾಡಿಸಿಕೊಡುತ್ತೇವೆ" ಅಂತ ಹೇಳಿದ ಮಾತನ್ನು ಬೆನ್ನು ಹತ್ತುವುದಕ್ಕೇ ಭರವಸೆಗಳ ಸಮಿತಿ ಅಂತ ಒಂದಿದೆ. ನಮ್ಮ ಊರಿನ ಬಗ್ಗೆ ಕೊಟ್ಟ ಯಾವ ಭರವಸೆ ಆ ಸಮಿತಿ ಮುಂದಿದೆ? ನೀವು ಯಾವ ಸಮಿತಿಯಲ್ಲಿ ಇದ್ದೀರಿ? ಅದು ಈ ವರ್ಷ ಯಾವ ವರದಿ ಕೊಟ್ಟಿತು? ಕ್ಷೇತ್ರದಲ್ಲಿ ನಿಂತು ಕೇಳಿದರೆ ನೂರರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರುವುದಿಲ್ಲ. ಅದು ಜನರ ತಪ್ಪಲ್ಲ, ಅವರಿಗೆ ಯಾರೂ ಹೇಳಿಲ್ಲ.

ಇನ್ನೊಂದು ವಿಷಯ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ 2005ರಲ್ಲಿ ನಿಮ್ಮ ಸದನವೇ ಕಾನೂನು ಮಾಡಿತು. ಬಹುಪಾಲು ವರ್ಷ ಅಷ್ಟು ದಿನ ಸೇರಿಲ್ಲ. ಎಲ್ಲ ಪಕ್ಷಗಳೂ ಆಡಳಿತ ಮಾಡಿವೆ, ಎಲ್ಲರ ಕಾಲದಲ್ಲೂ ಇದೇ ಆಗಿದೆ. ಸದನ ಸೇರಿದ ದಿನಗಳಲ್ಲೂ ಎಷ್ಟೋ ಮಸೂದೆ ಗದ್ದಲದ ನಡುವೆ ಧ್ವನಿಮತದಿಂದ ಪಾಸಾಗುತ್ತವೆ. 2025-26ರ ರಾಜ್ಯ ಬಜೆಟ್ 4 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಅಷ್ಟು ಹಣದ ಬಗ್ಗೆ ನಮ್ಮ ಶಾಸಕರು ಮಾತಾಡಿದರಾ, ಮಾತಾಡಲು ಸಮಯ ಸಿಕ್ಕಿತಾ, ಸಿಗಲಿಲ್ಲವಾ ಅಂತ ತಿಳಿಯುವ ಆಸೆ ನನಗಿದೆ. ಸಮಯ ಸಿಗದಿದ್ದರೆ ಅದನ್ನೂ ಬರೆಯಿರಿ. "ಕೈ ಎತ್ತಿ ಕೂತಿದ್ದೆ, ನನ್ನ ಸರದಿ ಬರಲಿಲ್ಲ. ನಾನು ಹೇಳಬೇಕೆಂದಿದ್ದು ಇದು" ಅಂತ ಬರೆದರೆ, ಸಭಾಧ್ಯಕ್ಷರ ಮುಂದೆ ಆಡಲಾಗದ ಮಾತು ಎರಡೂ ಮುಕ್ಕಾಲು ಲಕ್ಷ ಜನರ ಮುಂದೆ ಆಡಿದಂತಾಯಿತು. 2011ರ ಜನಗಣತಿ ಪ್ರಕಾರ ರಾಜ್ಯದ ಜನರನ್ನು 224ರಿಂದ ಭಾಗಿಸಿದರೆ ಒಬ್ಬ ಶಾಸಕರ ಪಾಲಿಗೆ ಹತ್ತಿರ ಹತ್ತಿರ ಅಷ್ಟು ಜನ ಬರುತ್ತಾರೆ. ಅಷ್ಟು ಜನರ ಮನೆ ಮನೆಗೆ ಹೋಗಲು ಯಾರಿಂದಲೂ ಆಗುವುದಿಲ್ಲ. ಕಾಗದ ಹೋಗುತ್ತದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಅಧಿವೇಶನ ನಡೆಯುವಷ್ಟು ಕಾಲ ಶಾಸಕರು ವಾರ ವಾರ ಮತದಾರರಿಗೆ ಪತ್ರ ಬರೆಯುವ ರೂಢಿ ಇದೆ. ಈ ವಾರ ಇಂಥ ಮಸೂದೆ ಬಂತು, ನಾನು ಪರವಾಗಿ ಮತ ಹಾಕಿದೆ, ಕಾರಣ ಇದು. ಇನ್ನೊಂದಕ್ಕೆ ವಿರುದ್ಧ ಹಾಕಿದೆ, ಕಾರಣ ಇದು. ನಮ್ಮಲ್ಲಿ ಹಾಗೇ ನಡೆಯುವುದಿಲ್ಲ, ಗೊತ್ತು. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಹೀಗೇ ಮತ ಹಾಕಿ ಅಂತ ಪಕ್ಷ ಆದೇಶ (ವಿಪ್) ಕೊಟ್ಟರೆ ಅದನ್ನು ಮೀರಿ ಮತ ಹಾಕುವಂತಿಲ್ಲ, ಹಾಕಿದರೆ ಸ್ಥಾನಕ್ಕೇ ಕುತ್ತು. ಹಾಗಾಗಿ ನಿಮ್ಮ ಕಾಗದದಲ್ಲಿ ಮತದ ವಿವರ ಇಲ್ಲದಿದ್ದರೂ ಪರವಾಗಿಲ್ಲ. ಆದರೆ ಪ್ರಶ್ನೆ ಕೇಳಲು, ಗಮನ ಸೆಳೆಯುವ ಸೂಚನೆ ಕೊಡಲು, ಸಮಿತಿಯಲ್ಲಿ ಕೂತು ಕಡತ ತಿರುವಿ ಹಾಕಲು ಯಾವ ವಿಪ್ಪೂ ಅಡ್ಡ ಬರುವುದಿಲ್ಲ. ಅದನ್ನೆಲ್ಲ ಬರೆಯಬಹುದು.

ಪರರಿಗೆ ಕಾಗದ ಬರೆದುಕೊಡುವುದೇ ನನ್ನ ಕಸುಬು. ಅದಕ್ಕೇ ನಿಮ್ಮ ಒಂದು ವಾರದ ಕಾಗದ ಹೇಗಿರಬಹುದು ಅಂತ ನಾನೇ ಒಂದು ಮಾದರಿ ಬರೆದಿದ್ದೇನೆ. ಇದರಲ್ಲಿರುವುದು ನಡೆದ ಸಂಗತಿಯಲ್ಲ, ಬರವಣಿಗೆಯ ಧಾಟಿ ಮಾತ್ರ ನೋಡಿ.

"ಕ್ಷೇತ್ರದ ಬಂಧುಗಳೇ, ಈ ವಾರ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ಇತ್ತು. ನಮ್ಮ ಹೋಬಳಿ ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರ್ ಇರುವುದಿಲ್ಲ ಅನ್ನುವ ದೂರನ್ನು ಎತ್ತಿದೆ. ಇಬ್ಬರು ಇರಬೇಕಾದ ಕಡೆ ಒಬ್ಬರೇ ಇದ್ದಾರೆ, ಆ ಒಬ್ಬರನ್ನೇ ಹಗಲೂ ರಾತ್ರಿ ದುಡಿಸಲು ಆಗುವುದಿಲ್ಲ ಅಂತ ತಾಲ್ಲೂಕು ಆರೋಗ್ಯಾಧಿಕಾರಿ ಹೇಳಿದರು. ಅವರ ಮಾತು ನಿಜ. ಖಾಲಿ ಹುದ್ದೆ ತುಂಬಿಸಿ ಅಂತ ಇಲಾಖೆಗೆ ಪತ್ರ ಬರೆದಿದ್ದೇನೆ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಬರುವ ಅಧಿವೇಶನದಲ್ಲಿ ಪ್ರಶ್ನೆ ಹಾಕುತ್ತೇನೆ. ಕೆರೆ ಕೋಡಿ ದುರಸ್ತಿಗೆ ಕೇಳಿದ ಅನುದಾನ ಈ ವರ್ಷ ಸಿಗುವುದಿಲ್ಲ ಅಂತ ಸಣ್ಣ ನೀರಾವರಿ ಇಲಾಖೆ ತಿಳಿಸಿದೆ. ಮಳೆಗಾಲಕ್ಕೆ ಮುಂಚೆ ಮರಳು ಚೀಲ ಹಾಕಿಸುವ ತಾತ್ಕಾಲಿಕ ವ್ಯವಸ್ಥೆ ಮಾಡಿಸುತ್ತೇನೆ. ಕೋಡಿ ಕೆಳಗೆ ಜಮೀನು ಇರುವವರು ಎಚ್ಚರದಿಂದ ಇರಿ. ಸುಟ್ಟುಹೋದ ಟಿ.ಸಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಎರಡು ಕಡೆ ಬದಲಾಯಿತು, ಒಂದು ಕಡೆ ಇನ್ನೂ ಆಗಿಲ್ಲ."

ನೋಡಿ, ಇದರಲ್ಲಿ ಒಂದೇ ಒಂದು ಕೆಲಸ ಪೂರ್ತಿ ಮುಗಿದಿಲ್ಲ. ಆದರೂ ಇದನ್ನು ಓದಿದವರಿಗೆ ತಮ್ಮ ಶಾಸಕರ ಮೇಲೆ ನಂಬಿಕೆ ಹುಟ್ಟುತ್ತದೆ. ಕೋಡಿ ಕೆಳಗೆ ಜಮೀನು ಇರುವ ರೈತರಿಗೆ "ಆಗುವುದಿಲ್ಲ" ಅನ್ನುವ ಸುದ್ದಿಯೇ ಎಲ್ಲಕ್ಕಿಂತ ದೊಡ್ಡ ಉಪಕಾರ. ಅದು ಮೊದಲೇ ಗೊತ್ತಾದರೆ ಅವರು ಬಿತ್ತುವುದನ್ನು ಬದಲಾಯಿಸಬಹುದು, ಬದು ಎತ್ತರಿಸಬಹುದು. ಸುಮ್ನೆ "ಮಾಡಿಸೋಣ, ನೋಡೋಣ" ಅನ್ನುವ ಮಾತನ್ನು ನಂಬಿ ಕೂತರೆ ಬೆಳೆ ಕೊಚ್ಚಿಹೋಗುತ್ತದೆ. ಇಲ್ಲ ಅನ್ನಲು ನಿಮಗೆ ಸಂಕೋಚ ಇರಬಹುದು, ಮತ ಹೋಗುತ್ತದೆ ಅನ್ನುವ ಭಯ ಇರಬಹುದು. ನನ್ನ ಅಂಗಡಿ ಬೆಂಚಿನ ಮೇಲೆ ಕೂತು ಕಾಯುವ ಜನರ ಮಾತು ಕೇಳಿ ಹೇಳುತ್ತಿದ್ದೇನೆ. ಅವರಿಗೆ ಸಿಟ್ಟು ಬರುವುದು ಕೆಲಸ ಆಗದಿದ್ದಕ್ಕಿಂತ ಜಾಸ್ತಿ, ಆಗುತ್ತದೆ ಅಂತ ಅಲೆದಾಡಿಸಿದ್ದಕ್ಕೆ. ಒಂದು ದಿನ ಕಚೇರಿಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ನಿಜ, ಆದರೆ ಬಿಟ್ಟು ಬಂದ ಕೂಲಿಯನ್ನು ಯಾರೂ ಕೊಡುವುದಿಲ್ಲ.

ವಿರೋಧ ಪಕ್ಷದವರು ಈ ಕಾಗದವನ್ನೇ ಹಿಡಿದು "ನೋಡಿ, ಇವರೇ ಒಪ್ಪಿಕೊಂಡಿದ್ದಾರೆ" ಅಂತ ಪ್ರಚಾರ ಮಾಡುತ್ತಾರೆ ಅಂತ ನಿಮ್ಮ ಸುತ್ತಲಿನವರು ಹೇಳಬಹುದು. ಮಾಡಲಿ. ಅವರು ಹಾಗೆ ಮಾಡಿದರೆ ಅವರೂ ಕಾಗದ ಬರೆಯಬೇಕಾಗುತ್ತದೆ. ಆಗ ನಮ್ಮ ಕ್ಷೇತ್ರದಲ್ಲಿ ಜಾತಿ ಲೆಕ್ಕದ ಬದಲು ಕೆರೆ ಕೋಡಿಯ ಬಗ್ಗೆ ಜಗಳ ನಡೆಯುತ್ತದೆ. ಅಂಥ ಜಗಳ ನೂರು ನಡೆಯಲಿ. ಸಮಯ ಎಲ್ಲಿದೆ ಅನ್ನುವ ಮಾತೂ ಬರುತ್ತದೆ. ನಿಮಗೆ ಆಪ್ತ ಸಹಾಯಕರಿದ್ದಾರೆ, ದಿನಚರಿ ಅವರ ಬಳಿ ಇರುತ್ತದೆ. ಭಾನುವಾರ ರಾತ್ರಿ ಅರ್ಧ ಗಂಟೆ ಕೂತು ನೀವು ಹೇಳುತ್ತಾ ಹೋಗಿ, ಅವರು ಬರೆದುಕೊಳ್ಳಲಿ. ಚಂದದ ಭಾಷೆ ಬೇಡ, ಬಣ್ಣದ ಮುದ್ರಣ ಬೇಡ. ಏಜೆನ್ಸಿಯವರ ಕೈಗೆ ಮಾತ್ರ ಕೊಡಬೇಡಿ. ಅವರು ಬರೆದರೆ ಮತ್ತೆ ಅದು "ಅಭಿವೃದ್ಧಿಯ ಹರಿಕಾರ" ಆಗಿಬಿಡುತ್ತದೆ.

ತಲುಪಿಸುವುದು ಕಷ್ಟವಲ್ಲ. ವಾಟ್ಸ್ಆ್ಯಪ್‌ನಲ್ಲಿ ಹಾಕಿ, ಅದರ ಜೊತೆಗೆ ಒಂದೊಂದು ಪ್ರತಿಯನ್ನು ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಊರ ಗ್ರಂಥಾಲಯಕ್ಕೆ ಕಳಿಸಿ. ಬೆಳಗ್ಗೆ ಡೇರಿಗೆ ಹಾಲು ಹಾಕಲು ಬರುವವರಲ್ಲಿ ಓದು ಬಂದವರು ಜೋರಾಗಿ ಓದುತ್ತಾರೆ, ಓದು ಬಾರದವರು ಕೇಳಿಸಿಕೊಳ್ಳುತ್ತಾರೆ. ನಮ್ಮ ತಾಲ್ಲೂಕು ಕಚೇರಿ ಎದುರಿಗೆ ಅಂಟಿಸುವ ಪ್ರತಿಗಳ ಜೆರಾಕ್ಸ್ ಖರ್ಚು ನನ್ನದು. ಯಾವ ಪಕ್ಷದ ಶಾಸಕರೇ ಇರಲಿ, ನೀವು ಬರೆಯುವಷ್ಟು ಕಾಲ ನಾನು ಮಾಡಿಕೊಡುತ್ತೇನೆ.

ಮತದಾರರ ಕಡೆಯಿಂದಲೂ ಒಂದು ಮಾತು ಕೊಡಬೇಕು. ಈ ಪತ್ರ ಓದುವ ನನ್ನ ಊರವರೇ, ಅಕ್ಕಂದಿರೇ, ಅಣ್ಣಂದಿರೇ, ಅಧಿವೇಶನ ನಡೆಯುವ ದಿನಗಳಲ್ಲಿ ಶಾಸಕರು ನಮ್ಮ ಮನೆ ಗೃಹಪ್ರವೇಶಕ್ಕೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದು ಬೇಡ. ಅವರು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಸದನದಲ್ಲಿ ಕೂತಿದ್ದಾರೆ ಅಂದರೆ ನಾವು ಕೊಟ್ಟ ಕೆಲಸವನ್ನೇ ಮಾಡುತ್ತಿದ್ದಾರೆ ಅಂತ ತಿಳಿಯೋಣ. ಅವರು ಕಾಗದ ಬರೆದರೆ ಓದೋಣ. ಬರೆದಿದ್ದು ಸುಳ್ಳಾಗಿದ್ದರೆ ಸಭ್ಯವಾಗಿ, ದಾಖಲೆ ಸಮೇತ ಉತ್ತರ ಬರೆಯೋಣ. ಬೈಗುಳ ಬರೆದರೆ ಎರಡನೇ ವಾರಕ್ಕೇ ಕಾಗದ ನಿಂತುಹೋಗುತ್ತದೆ.

ಕೊನೆಗೆ, ಮೊದಲ ಕಾಗದದಲ್ಲಿ ಏನಿರಬೇಕು ಅಂತ ನನ್ನ ಒಂದು ಕೋರಿಕೆ. ಅನುಮತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಕ್ರಮಕ್ಕೆ ಅಂತ ನಮೂನೆ 57ರ ಅರ್ಜಿ ಹಾಕಿದ ರೈತರು ನನ್ನ ಅಂಗಡಿಗೆ ಬಂದು "ಕಮಿಟಿ ಯಾವಾಗ ಕೂರುತ್ತೆ?" ಅಂತ ಕೇಳುತ್ತಾರೆ. ಅದಕ್ಕೂ ಹಿಂದಿನ ನಮೂನೆ 53 ಹಾಕಿ ಇನ್ನೂ ಕಾಯುತ್ತಿರುವವರೂ ಇದ್ದಾರೆ, ಅವರಲ್ಲಿ ಕೆಲವರು ಈಗ ಮಗನನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದುಕೊಂಡು ಬರುತ್ತಾರೆ. ಕಚೇರಿಯಲ್ಲಿ ಒಬ್ಬರು ಬರುವ ತಿಂಗಳು ಅನ್ನುತ್ತಾರೆ, ಇನ್ನೊಬ್ಬರು ಗೊತ್ತಿಲ್ಲ ಅನ್ನುತ್ತಾರೆ. ದಲ್ಲಾಳಿಗಳು ಮಾತ್ರ ತಮಗೆ ಎಲ್ಲ ಗೊತ್ತು ಅಂತ ಹೇಳಿ ಹಣ ಕೀಳುತ್ತಾರೆ. ಸಮಿತಿಯ ಮುಂದಿನ ಸಭೆ ಯಾವತ್ತು, ಆವತ್ತು ಯಾವ ಹೋಬಳಿಯ ಎಷ್ಟು ಅರ್ಜಿ ತೆಗೆದುಕೊಳ್ಳುತ್ತೀರಿ, ಇದುವರೆಗೆ ಎಷ್ಟು ಮಂಜೂರಾಗಿದೆ, ಎಷ್ಟು ವಜಾ ಆಗಿದೆ, ವಜಾ ಆಗಿದ್ದಕ್ಕೆ ಗೋಮಾಳವೋ ಅರಣ್ಯವೋ ಇನ್ನೇನು ಕಾರಣ, ಇಷ್ಟನ್ನು ಬರೆದು ಕಳಿಸಿ. ಸೋಮವಾರ ಬೆಳಗ್ಗೆ ಬಂದರೆ ಹತ್ತು ಗಂಟೆಯೊಳಗೆ ಕಚೇರಿ ಬಾಗಿಲಿಗೆ ಅಂಟಿಸಿರುತ್ತೇನೆ.

ಇಂತಿ,
ತಾಲ್ಲೂಕು ಕಚೇರಿ ಎದುರಿನ ಅರ್ಜಿ ಅಂಗಡಿಯಿಂದ,
ನಿಮ್ಮ ಕ್ಷೇತ್ರದ ಮತದಾರ